ಸೈನಿಕರಿಗಾಗಿ ಓಟ, ದಿನಕ್ಕೊಂದು ರೂಪಾಯಿ: ನಿಮ್ಮ ದುಡ್ಡು ಯಾರಿಗೆ ಸೇರುತ್ತದೆ?

‘ಮಾಜಿ ಸೈನಿಕರ ನೆರವಿಗೆ ಮ್ಯಾರಥಾನ್. ಹೆಸರು ನೋಂದಾಯಿಸಿ, ಹತ್ತು ಜನರಿಗೆ ಕಳಿಸಿ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು.

ಹುಬ್ಬಳ್ಳಿ-ಧಾರವಾಡದವರಿಗೆ ಸೈನಿಕರೆಂದರೆ ದೂರದವರಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಹಿಮಕುಸಿತಕ್ಕೆ ಸಿಲುಕಿದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದೇ ಜಿಲ್ಲೆಯ ಬೆಟದೂರಿನವರು. ಆರು ದಿನಗಳ ನಂತರ ಜೀವಂತ ಸಿಕ್ಕರೂ ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಇಂಥ ಊರಿನಲ್ಲಿ ಸೈನಿಕರ ಹೆಸರು ಹೇಳಿದರೆ ಜನ ಹಿಂದೆಮುಂದೆ ನೋಡದೆ ಕೊಡುತ್ತಾರೆ. ಆದರೆ ಆ ಹಣ ಯಾರಿಗೆ ತಲುಪುತ್ತದೆ?

ಮತ್ತೆ ಮತ್ತೆ ಬರುವ ಫಾರ್ವರ್ಡ್

‘ದಿನಕ್ಕೆ 1 ರೂಪಾಯಿ ಕೊಡಿ, ಸೇನೆಗೆ ಶಸ್ತ್ರಾಸ್ತ್ರ ಕೊಳ್ಳೋಣ. 130 ಕೋಟಿ ಜನರಲ್ಲಿ ಶೇ. 70ರಷ್ಟು ಮಂದಿ ಕೊಟ್ಟರೆ ದಿನಕ್ಕೆ 100 ಕೋಟಿ’ ಎಂಬ ಸಂದೇಶ ವರ್ಷಗಳಿಂದ ಓಡಾಡುತ್ತಿದೆ. ಮೊದಲು ಲೆಕ್ಕವೇ ತಪ್ಪು: 130 ಕೋಟಿಯ ಶೇ. 70 ಅಂದರೆ 91 ಕೋಟಿ. ಸಂದೇಶ ದಾರಿತಪ್ಪಿಸುವಂಥದ್ದು ಎಂದು ರಕ್ಷಣಾ ಸಚಿವಾಲಯ 2016ರಲ್ಲೇ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ಹರಿದಾಡಿದಾಗ, ಅದರಲ್ಲಿರುವ ಖಾತೆ ವಿವರವೂ ತಪ್ಪು, ಕಳಿಸಿದ ಹಣ ಜಮೆಯಾಗುತ್ತಿಲ್ಲ ಎಂದು ಸರ್ಕಾರ ಸ್ಪಷ್ಟಪಡಿಸಿತು. ಶಸ್ತ್ರಾಸ್ತ್ರ ಖರೀದಿಗೆ ಬಜೆಟ್ ಇದೆ. ಸೇನೆಯ ಕಲ್ಯಾಣ ನಿಧಿಗಳು ಇರುವುದು ಸೈನಿಕರಿಗೆ ಮತ್ತು ಅವರ ಕುಟುಂಬಗಳಿಗೆ.

‘ಪಿಂಚಣಿ ಬರುತ್ತಲ್ಲ, ದೇಣಿಗೆ ಯಾಕೆ?’

ಎಲ್ಲರಿಗೂ ಬರುವುದಿಲ್ಲ. ಸಾಮಾನ್ಯವಾಗಿ ಜವಾನರಿಗೆ ಪಿಂಚಣಿ ಸಿಗಲು 15 ವರ್ಷ ಸೇವೆ ಆಗಿರಬೇಕು. ಅದಕ್ಕೂ ಮೊದಲೇ ಸೇನೆ ಬಿಟ್ಟ ಎಷ್ಟೋ ಮಂದಿಗೆ ಮುಪ್ಪಿನಲ್ಲಿ ಆದಾಯವಿಲ್ಲ. ಪಿಂಚಣಿಯಿಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಬಡ ಮಾಜಿ ಸೈನಿಕರಿಗೆ ಮತ್ತು ಅಂಥವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳ ನೆರವು ಕೊಡುತ್ತದೆ. ಆ ಹಣ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯದು.

ಯಾವ ನಿಧಿ ಯಾರಿಗೆ?

• ಧ್ವಜ ದಿನದ ನಿಧಿ: ಮಾಜಿ ಸೈನಿಕರು, ವಿಧವೆಯರು, ಅವಲಂಬಿತರಿಗೆ. ಡಿಸೆಂಬರ್ 7ರ ಧ್ವಜ ದಿನ 1949ರಿಂದಲೂ ನಡೆದು ಬಂದಿದೆ. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿರುವ ಪುಣೆ ಬಳಿಯ ಖಡಕಿಯ ಪುನರ್ವಸತಿ ಕೇಂದ್ರಕ್ಕೂ ಈ ನಿಧಿಯಿಂದ ನೆರವಿದೆ.
• ಸಶಸ್ತ್ರ ಪಡೆಗಳ ಯುದ್ಧ ಸಂತ್ರಸ್ತರ ಕಲ್ಯಾಣ ನಿಧಿ: ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬಕ್ಕೆ, ತೀವ್ರವಾಗಿ ಗಾಯಗೊಂಡವರಿಗೆ.
• ಭಾರತ್ ಕೆ ವೀರ್: ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳ ಹುತಾತ್ಮರ ಕುಟುಂಬಕ್ಕೆ. 2017ರಲ್ಲಿ ಆರಂಭವಾದ ಇದು ಗೃಹ ಸಚಿವಾಲಯದ್ದು, ಸೇನೆಯದ್ದಲ್ಲ.

ಓಡುವ ಮುನ್ನ ಕೇಳಿ

ಮ್ಯಾರಥಾನ್ ಅಂದರೆ 42.195 ಕಿ.ಮೀ. ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಿ, ಮತ್ತೆ ಓಡಿಯೇ ವಾಪಸ್ ಬಂದಷ್ಟು! 5 ಕಿ.ಮೀ. ಓಟವನ್ನೂ ನಾವು ಮ್ಯಾರಥಾನ್ ಎನ್ನುತ್ತೇವೆ, ಅದರಿಂದ ನಷ್ಟವಿಲ್ಲ. ಆದರೆ ನೋಂದಣಿ ಶುಲ್ಕವೆಲ್ಲ ದೇಣಿಗೆ ಎಂದುಕೊಂಡರೆ ತಪ್ಪಾದೀತು. ಟೀ ಶರ್ಟ್, ಪದಕ, ನೀರು, ಆಂಬ್ಯುಲೆನ್ಸ್ ಎಲ್ಲಕ್ಕೂ ಖರ್ಚಿದೆ.

ಆಯೋಜಕರನ್ನು ಮೂರು ಮಾತು ಕೇಳಿ: ಶುಲ್ಕದಲ್ಲಿ ಎಷ್ಟು ಪಾಲು ದೇಣಿಗೆ? ಯಾವ ನಿಧಿಗೆ? ಕಟ್ಟಿದ ರಸೀದಿ ತೋರಿಸುತ್ತೀರಾ? ಪ್ರಾಮಾಣಿಕರು ಬೇಸರಿಸಿಕೊಳ್ಳದೆ ಉತ್ತರಿಸುತ್ತಾರೆ. ಅನುಮಾನವಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಫಾರ್ವರ್ಡ್‌ನಲ್ಲಿ ಬಂದ ಖಾತೆ ಸಂಖ್ಯೆಗೆ ಮಾತ್ರ ಹಣ ಹಾಕಬೇಡಿ.

ಓಡುವುದು ಒಳ್ಳೆಯದು, ಕೊಡುವುದು ಇನ್ನೂ ಒಳ್ಳೆಯದು. ಆದರೆ ತಪ್ಪು ಖಾತೆಗೆ ಹೋದ ನೂರು ರೂಪಾಯಿ, ಪಿಂಚಣಿಯಿಲ್ಲದ ಮುದುಕರೊಬ್ಬರಿಗೆ ಸೇರದೇ ಹೋದ ನೂರು ರೂಪಾಯಿ. ಫಾರ್ವರ್ಡ್ ಮಾಡುವುದಾದರೆ ಈ ಮೂರು ಪ್ರಶ್ನೆಗಳನ್ನೇ ಮಾಡಿ.