ಲಾಭ ಬೇಡ, ವ್ಯಾಪಾರ ಬೇಕು

2018ರ ನವೆಂಬರಿನಲ್ಲಿ ಏರ್‌ಬಿಎನ್‌ಬಿ ಕಂಪನಿ, ವೆಸ್ಟ್ ಬ್ಯಾಂಕಿನ ಇಸ್ರೇಲಿ ವಸಾಹತುಗಳಲ್ಲಿರುವ ಸುಮಾರು 200 ಬಾಡಿಗೆ ಮನೆಗಳನ್ನು ತನ್ನ ಪಟ್ಟಿಯಿಂದ ತೆಗೆಯುವುದಾಗಿ ಹೇಳಿತು. ವಿವಾದದ ತಿರುಳೇ ಈ ವಸಾಹತುಗಳು ಎಂಬುದು ಅದು ಕೊಟ್ಟ ಕಾರಣ. ಅಮೆರಿಕದಲ್ಲಿ ತಾರತಮ್ಯದ ದಾವೆಗಳು ಬಿದ್ದವು. 2019ರ ಏಪ್ರಿಲ್‌ನಲ್ಲಿ ಕಂಪನಿ ರಾಜಿಗೆ ಬಂತು: ಮನೆಗಳು ಪಟ್ಟಿಯಲ್ಲೇ ಇರಲಿ, ವೆಸ್ಟ್ ಬ್ಯಾಂಕಿನ ಲಾಭವನ್ನು ಮಾತ್ರ ಮಾನವೀಯ ನೆರವಿನ ಸಂಸ್ಥೆಗಳಿಗೆ ದಾನ ಮಾಡುತ್ತೇವೆ ಎಂದಿತು.

ಇದನ್ನೇ ತಟಸ್ಥ ನೀತಿ ಅನ್ನುತ್ತಾರೆ. ಲಾಭ ಶುದ್ಧವಾಗಿದ್ದರೆ ಬಿಟ್ಟುಕೊಡುವುದೇಕೆ? ಶುದ್ಧವಲ್ಲದಿದ್ದರೆ ವ್ಯಾಪಾರವನ್ನು ಉಳಿಸಿಕೊಳ್ಳುವುದೇಕೆ? ಕಂಪನಿ ಕೈ ತೊಳೆದುಕೊಂಡಿತು, ವಸಾಹತಿನವನಿಗೆ ಬಾಡಿಗೆ ತಪ್ಪಲಿಲ್ಲ. ತನ್ನ ನೆಲದ ಮೇಲೆ ಆ ಮನೆ ಎದ್ದಿರುವ ಪ್ಯಾಲೆಸ್ಟೀನಿಯನ್ನನಿಗೆ ಸಿಕ್ಕಿದ್ದೇನು?

ವಿಷಯ ಜಟಿಲ ಎಂಬ ಸಬೂಬು ಬೇಡ. ವಸಾಹತುಗಳು ಕಾನೂನುಬಾಹಿರ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲೇ ಅಭಿಪ್ರಾಯ ಕೊಟ್ಟಿತ್ತು. ಆದರೆ ಅದರ ಕೈಯಲ್ಲಿ ಕೋಲಿರಲಿಲ್ಲ. ರಷ್ಯಾ ವಶಪಡಿಸಿಕೊಂಡ ಕ್ರಿಮಿಯಾದ ಕಥೆ ನೋಡಿ. 2014ರ ಡಿಸೆಂಬರಿನಲ್ಲಿ ಅಮೆರಿಕ ನಿರ್ಬಂಧ ಹೇರಿದ ಕೆಲವೇ ದಿನಗಳಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಅಲ್ಲಿ ಸೇವೆ ನಿಲ್ಲಿಸಿದವು. ಕೋಲು ಕಂಡೊಡನೆ ಜಟಿಲತೆಯೆಲ್ಲ ಮಾಯ!

ನಮ್ಮಲ್ಲಿ ಹಲವರು ಬಹುರಾಷ್ಟ್ರೀಯ ಕಂಪನಿಗಳ ಸಂಬಳದಲ್ಲೇ ಈ ಊರುಗಳಲ್ಲಿ ಬದುಕು ಕಟ್ಟಿಕೊಂಡವರು. ವರ್ಷಕ್ಕೊಮ್ಮೆ ನೀತಿಸಂಹಿತೆಯ ತರಬೇತಿ ಮುಗಿಸಿ ಟಿಕ್ ಹಾಕುತ್ತೇವೆ. ಮುಂದಿನ ಸಲ ಟಿಕ್ ಹಾಕುವ ಮೊದಲು ಒಂದು ಪ್ರಶ್ನೆಯನ್ನಾದರೂ ಕೇಳೋಣ: ಇದು ನ್ಯಾಯವನ್ನು ನೋಡಿ ಬರೆದ ನೀತಿಯೋ, ಕೋಲನ್ನು ನೋಡಿ ಬರೆದದ್ದೋ?