ಕಡಿದ ಬೆರಳು ಕಾಯುತ್ತದೆ, ನಾವು ಕಾಯಿಸಬಾರದು

ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಹೇಳುತ್ತದೆ. ಕೈಯೇ ಹೋದರೆ ಬಾಯಿಯ ಗತಿ ಏನು ಎಂಬುದನ್ನು ಗಾದೆ ಹೇಳುವುದಿಲ್ಲ. ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವರನ್ನು ಸಾಲಾಗಿ ನಿಲ್ಲಿಸಿ ಕೈ ಚಾಚಿರೆಂದರೆ, ಹತ್ತು ಬೆರಳೂ ನೆಟ್ಟಗಿರುವವರು ಎಷ್ಟು ಮಂದಿ ಸಿಕ್ಕಾರು? ಬೆರಳು ಹೋಯಿತೆಂದರೆ ಗಾಯಕ್ಕೆ ಹೊಲಿಗೆ, ಕೆಲವು ದಿನ ರಜೆ, ತುಂಡು ಕಸದ ಬುಟ್ಟಿಗೆ, ಅಲ್ಲಿಗೆ ಮುಗಿಯಿತು. ಹಣೆಬರಹವೆಂದು ಸುಮ್ಮನಾಗುತ್ತೇವೆ.

ಇದು ಹಣೆಬರಹವಲ್ಲ. ಕಡಿದ ಬೆರಳನ್ನು ಮರಳಿ ಕೂಡಿಸುವ ವಿದ್ಯೆ ಮನುಷ್ಯನಿಗೆ ದಕ್ಕಿ ಅರುವತ್ತು ವರ್ಷ ದಾಟಿದೆ. 1962ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ, ರೈಲಿನ ಅಪಘಾತದಲ್ಲಿ ತೋಳು ಕಳೆದುಕೊಂಡ 12 ವರ್ಷದ ಹುಡುಗನೊಬ್ಬನಿಗೆ ಡಾಕ್ಟರ್ ರೊನಾಲ್ಡ್ ಮಾಲ್ಟ್ ಮತ್ತು ಸಂಗಡಿಗರು ಆ ತೋಳನ್ನು ಮರಳಿ ಕೂಡಿಸಿದರು. 1963ರಲ್ಲಿ ಚೀನದ ಶಾಂಘೈಯಲ್ಲಿ ಡಾಕ್ಟರ್ ಚೆನ್ ಝೊಂಗ್‌ವೇ ಅವರು ಕಾರ್ಖಾನೆಯ ಕೆಲಸಗಾರನೊಬ್ಬನ ತುಂಡಾದ ಕೈಯನ್ನು ಜೋಡಿಸಿದರು. ಬೆರಳಿನ ಕೆಲಸ ಇವೆರಡಕ್ಕಿಂತ ಸೂಕ್ಷ್ಮವಾದುದು. ಅದನ್ನು ಸಾಧಿಸಿದವರು ಜಪಾನಿನ ನಾರಾದ ಡಾಕ್ಟರುಗಳಾದ ಕೊಮಾತ್ಸು ಮತ್ತು ತಮಾಯಿ. 1965ರ ಜುಲೈಯಲ್ಲಿ ಅವರು ಪೂರ್ತಿ ಕಡಿದುಹೋಗಿದ್ದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ಕೆಳಗೆ ಕೂಡಿಸಿ ಬದುಕಿಸಿದರು. ಇದು ದೂರದೇಶದ ಮಾತೇ ಆಗಿ ಉಳಿದಿಲ್ಲ. ಹತ್ತಿಗಿರಣಿಗಳ ಊರಾದ ನೆರೆಯ ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇದೇ ಕೆಲಸಕ್ಕೆ ಹೆಸರಾಗಿದೆ. ನಮ್ಮ ಬೆಂಗಳೂರಿನಲ್ಲಿಯೂ ಇದನ್ನು ಬಲ್ಲ ಡಾಕ್ಟರುಗಳಿದ್ದಾರೆ.

ಬೆರಳಿನ ರಕ್ತನಾಳ ಸುಮಾರು 1 ಮಿಲಿಮೀಟರ್ ದಪ್ಪ. ಅದನ್ನು ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ಮೊದಲು ತಂತಿ ಹಾಕಿ ಮೂಳೆಯನ್ನು ನಿಲ್ಲಿಸಬೇಕು. ಆಮೇಲೆ ಬೆರಳನ್ನು ಮಡಿಸುವ, ಚಾಚುವ ಸ್ನಾಯುರಜ್ಜುಗಳನ್ನು ಹೊಲಿಯಬೇಕು. ರಕ್ತ ತರುವ ನಾಳ, ಒಯ್ಯುವ ನಾಳ, ನರ, ಒಂದೊಂದನ್ನೂ ಕೂಡಿಸಬೇಕು. ಒಂದೇ ಬೆರಳಿಗೆ ಹಲವು ಗಂಟೆ ಹಿಡಿಯುತ್ತದೆ. ಹರಿದ ನೂಲನ್ನು ಓಡುವ ಯಂತ್ರದೆದುರು ಕೂಡಿಸುವ ನಮ್ಮ ಗಿರಣಿಯ ಅಣ್ಣ ತಮ್ಮಂದಿರಿಗೆ ಈ ಕೆಲಸದ ನಾಜೂಕು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯೆ ಇದೆ, ಬಲ್ಲವರಿದ್ದಾರೆ; ಆದರೂ ಬೆರಳು ಕಸದ ಬುಟ್ಟಿಗೆ ಬೀಳುವುದೇಕೆ? ಹೊತ್ತು ಮೀರುತ್ತದೆ ಎನ್ನುತ್ತಾರೆ. ಹೊತ್ತಿನ ಲೆಕ್ಕವನ್ನೇ ನೋಡೋಣ. ಬೆರಳಿನಲ್ಲಿ ಮಾಂಸಖಂಡವಿಲ್ಲ. ಆದುದರಿಂದ ತಂಪಿನಲ್ಲಿಡದಿದ್ದರೂ ಅದು ಸುಮಾರು 12 ಗಂಟೆ ತಾಳೀತು. ಸರಿಯಾಗಿ ತಂಪಿನಲ್ಲಿಟ್ಟರೆ 24 ಗಂಟೆಯವರೆಗೂ ತಾಳೀತು. ಮಾಂಸಖಂಡವುಳ್ಳ ಮುಂಗೈ, ತೋಳುಗಳಿಗೆ ಮಾತ್ರ ಅಷ್ಟು ತಾಳ್ಮೆಯಿಲ್ಲ. ತಂಪಿಲ್ಲದೆ 6 ಗಂಟೆ ದಾಟಿದರೆ ಕಷ್ಟ. ಅಂದರೆ ಜಿಲ್ಲೆಯ ಊರಿನಿಂದ ದೊಡ್ಡ ಆಸ್ಪತ್ರೆ ಮುಟ್ಟುವಷ್ಟು ಹೊತ್ತನ್ನು ಕಡಿದ ಬೆರಳು ಕೊಡುತ್ತದೆ. ಆ ಹೊತ್ತನ್ನು ಹಾಳು ಮಾಡುವವರು ನಾವು. ಮೇಸ್ತ್ರಿಯ ಅಪ್ಪಣೆಗೆ ಒಂದು ಗಂಟೆ, ಗಾಡಿಗೆ ಒಂದು ಗಂಟೆ, ಇಲ್ಲಾಗದು ಅಲ್ಲಿಗೆ ಹೋಗಿ ಎನ್ನುವ ಆಸ್ಪತ್ರೆಗಳ ಬಾಗಿಲಲ್ಲಿ ಅರ್ಧ ದಿನ, ಮುಂಗಡ ಹಣ ಹೊಂದಿಸಲು ಒಂದು ರಾತ್ರಿ. ಬೆರಳು ಕಾಯುತ್ತದೆ, ಆದರೆ ಇಷ್ಟನ್ನೆಲ್ಲ ಕಾಯಲಾರದು.

ಆದುದರಿಂದ ಪ್ರತಿಯೊಬ್ಬ ಕೆಲಸಗಾರನೂ ವ್ಯಾಪಾರಿಯೂ ಇಷ್ಟನ್ನು ತಿಳಿದಿರಬೇಕು. ಮೊದಲು ಯಂತ್ರ ನಿಲ್ಲಿಸಿ. ಗಾಯವನ್ನು ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ತುಂಡಾದ ಬೆರಳನ್ನು ಹುಡುಕಿ ತೆಗೆದು, ಚೊಕ್ಕ ನೀರಿನಲ್ಲಿ ಹಗುರವಾಗಿ ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೀರು ಹೋಗದಂತೆ ಬಾಯಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಮತ್ತು ನೀರು ಇರುವ ಪಾತ್ರೆಯಲ್ಲಿಡಿ. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಿದರೆ ಬೆರಳು ಸತ್ತಿತು. ನೀರಿನಲ್ಲಾಗಲಿ ಸ್ಪಿರಿಟ್ಟಿನಲ್ಲಾಗಲಿ ಮುಳುಗಿಸಿದರೂ ಕೆಟ್ಟಿತು. ತೊಗಲಿನ ಎಳೆಯೊಂದರಲ್ಲಿ ನೇತಾಡುತ್ತಿದ್ದರೆ ಕತ್ತರಿಸಬೇಡಿ. ಗಾಯಗೊಂಡವನಿಗೆ ಊಟ, ಕಾಫಿ ಕೊಡಬೇಡಿ, ಅರಿವಳಿಕೆಗೆ ಅಡ್ಡಿ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನು ಮಾಡಿ. ಕೂಡಿಸಿದ ಮೇಲೆ ಬೀಡಿ ಸಿಗರೇಟು ಮುಟ್ಟಕೂಡದು. ಹೊಗೆಸೊಪ್ಪು ರಕ್ತನಾಳವನ್ನು ಕುಗ್ಗಿಸಿ ಡಾಕ್ಟರರ ಇಡೀ ದುಡಿಮೆಯನ್ನು ನೀರುಪಾಲು ಮಾಡೀತು.

ಕಾನೂನು ನಮ್ಮ ಬೆರಳಿಗೆ ಕಟ್ಟಿರುವ ಬೆಲೆಯನ್ನೂ ನೋಡೋಣ. ಐದು ಬೆರಳೂ ಒಂದೇ ಸಮನಿಲ್ಲವೆಂಬುದು ಅದಕ್ಕೂ ಗೊತ್ತು. ಪೂರ್ತಿ ಹೆಬ್ಬೆರಳಿಗೆ ಶೇಕಡಾ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳು ಅಥವಾ ಕಿರುಬೆರಳಿಗೆ 7 ಎಂದು ದುಡಿಮೆಯ ಶಕ್ತಿಯ ನಷ್ಟವನ್ನು ಪಟ್ಟಿ ಹಾಕಿದೆ. ಇ.ಎಸ್.ಐ. ನಡೆಸಿಕೊಂಡು ಬಂದ ಲೆಕ್ಕದಲ್ಲಿ ದಿನಕ್ಕೆ 500 ರೂಪಾಯಿ ಸಂಬಳದವನಿಗೆ ಶೇಕಡಾ 90ರಂತೆ 450 ರೂಪಾಯಿ. ಅದರಲ್ಲಿ ಶೇಕಡಾ 14 ಎಂದರೆ ದಿನಕ್ಕೆ 63 ರೂಪಾಯಿ. ಇಷ್ಟು ತೋರುಬೆರಳಿನ ಬೆಲೆ. ಈ ಹಣ ಬೇಡವೆಂದು ನಾವು ಹೇಳುವುದಿಲ್ಲ. ಹೋರಾಡಿ ಪಡೆದದ್ದನ್ನು ಬಿಡಲಾಗದು. ಆದರೆ ಹೋದ ಬೆರಳಿಗೆ ತಪ್ಪದೆ ಲೆಕ್ಕ ಬರೆಯುವ ವ್ಯವಸ್ಥೆ, ಉಳಿಸಬಹುದಾದ ಬೆರಳಿಗೆ ಗಾಡಿ ಒದಗಿಸದಿದ್ದರೆ ಅದು ಎಂಥ ವ್ಯವಸ್ಥೆ? ಕಬ್ಬಿನ ಹಾಲಿನ ಗಾಣ ತಿರುಗಿಸುವ, ಹಿಟ್ಟಿನ ಗಿರಣಿ ನಡೆಸುವ ಸಣ್ಣ ವ್ಯಾಪಾರಿ ತನಗೆ ತಾನೇ ಧಣಿ, ತಾನೇ ಆಳು. ಅವನಿಗಾದರೋ ಈ 63 ರೂಪಾಯಿಯೂ ಇಲ್ಲ.

ಸತ್ಯವನ್ನು ಮುಚ್ಚಿಡುವುದು ಬೇಡ. ಎಲ್ಲ ಬೆರಳೂ ಕೂಡುವುದಿಲ್ಲ. ಹರಿತವಾದ ಅಲಗಿನಿಂದ ಕಡಿದುದು ಕೂಡೀತು. ಹಲ್ಲುಚಕ್ರದಲ್ಲಿ, ಗಾಣದಲ್ಲಿ ಜಜ್ಜಿಹೋದುದು ಕೂಡುವುದು ಅಪರೂಪ. ಕೂಡಿದ್ದೂ ಮೊದಲಿನಂತಾಗದು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಸ್ಪರ್ಶ ಮರಳಲು ತಿಂಗಳುಗಳು ಬೇಕು. ಬಿಗಿತ, ಚಳಿಗೆ ನೋವು ಉಳಿದಾವು. ಕೂಡಿಸಬೇಕೇ ಬೇಡವೇ ಎಂಬುದನ್ನು ಬಲ್ಲ ಡಾಕ್ಟರು ನೋಡಿ ಹೇಳಬೇಕು. ಬೆರಳು ಕಳೆದುಕೊಂಡವನ ಬಡತನ ಅದನ್ನು ತೀರ್ಮಾನಿಸಕೂಡದು.

ಯಂತ್ರ ಜಜ್ಜಿದ್ದನ್ನು ಸೂಕ್ಷ್ಮದರ್ಶಕವೂ ಉಳಿಸಲಾರದು ಎಂದಮೇಲೆ ಮೊದಲ ಚಿಕಿತ್ಸೆ ಯಂತ್ರಕ್ಕೇ ಆಗಬೇಕು. ತಿರುಗುವ ಭಾಗಗಳಿಗೆ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಉತ್ಪತ್ತಿ ಹೆಚ್ಚಲೆಂದು ಆ ತಡೆಯನ್ನು ಕಳಚಿಡುವ ಕಡೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಸುರಕ್ಷತಾ ಸಪ್ತಾಹದಿಂದ ಯಾರಿಗೆ ಏನು ಬಂತು?

ನಮ್ಮ ಬೇಡಿಕೆಗಳು ಆಕಾಶದಿಂದ ನಕ್ಷತ್ರ ಕೇಳುವಂಥವಲ್ಲ. ಪ್ರತಿಯೊಂದು ಖಾತೆಯಲ್ಲೂ ಶುದ್ಧ ಬಟ್ಟೆ, ಪ್ಲಾಸ್ಟಿಕ್ ಚೀಲಗಳ ಪೆಟ್ಟಿಗೆಯೊಂದು, ಕೈಗೆಟುಕುವಲ್ಲಿ ಮಂಜುಗಡ್ಡೆ, ಗೋಡೆಯ ಮೇಲೆ ಕನ್ನಡದಲ್ಲಿ ಆಸ್ಪತ್ರೆಯ ಹೆಸರು ಮತ್ತು ಫೋನು ನಂಬರು ಇರಲಿ. ರಾತ್ರಿ ಪಾಳಿಯಲ್ಲೂ ಗಾಡಿ ಸಿಗಲಿ. ಬೆರಳು ಕೂಡಿಸಬಲ್ಲ ಆಸ್ಪತ್ರೆಗಳ ಪಟ್ಟಿಯನ್ನು ಸರಕಾರವೂ ಇ.ಎಸ್.ಐ.ಯೂ ಪ್ರಕಟಿಸಲಿ. ಮೊದಲು ಚಿಕಿತ್ಸೆ, ಆಮೇಲೆ ಲೆಕ್ಕ ಎಂಬ ನಿಯಮ ವ್ಯಾಪಾರಿಗೂ ಅನ್ವಯವಾಗಲಿ. ಬಂಗಾಳದ ಖೇತ್ ಮಜ್ದೂರ್ ಸಮಿತಿ ಹೂಡಿದ ದಾವೆಯಲ್ಲಿ, ಸರಕಾರಿ ಆಸ್ಪತ್ರೆ ಸಕಾಲಕ್ಕೆ ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿಗೇ ಭಂಗವೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅದನ್ನು ಗೆದ್ದು ತಂದವರು ಹೊಲದ ಕೂಲಿಕಾರರು. ಗಿರಣಿಯ ಗೇಟಿನವರೆಗೆ ಅದನ್ನು ತರುವ ಕೆಲಸ ನಮ್ಮದು.