ಬೇಲಿ ಹಾರುವ ಕುದುರೆ, ಹಿಂದೆ ಸರಿಯುವ ಕಾಲು



ಸಾರಿನ ಪುಡಿಯ ಬಗ್ಗೆ ಬಂದ ಪತ್ರಗಳಿಗೆ ಉತ್ತರ ಬರೆಯೋಣವೆಂದು ಮಧ್ಯಾಹ್ನ ಕೂತಿದ್ದೆ. ಕಟ್ಟಿನ ನಡುವೆ ಬೇರೆಯದೇ ಒಂದು ಪತ್ರ ಕೈಗೆ ಬಂತು. ಖಾನಾಪುರದ ತಾಯಿಯೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

"ಅಕ್ಕಾರ, ನನ್ನ ಮಗಳಿಗೆ ಹದಿನಾಲ್ಕು ವರ್ಷ. ಬೆಳಗಾವ್ಯಾಗ ನಮ್ಮ ತವರಮನಿಯೊಳಗ ಇದ್ದು ಸಾಲಿ ಕಲೀತಾಳ. ವರ್ಷಾತು, ಕುದುರಿ ಸವಾರಿ ಕಲ್ಯಾಕ ಹತ್ಯಾಳ. ಈಗ ಬೇಲಿ ಹಾರಸೂದು ಸುರು ಮಾಡ್ಯಾರ. ಎರಡು ಸಲ ಬಿದ್ಲು. ಕಲಸಾವ್ರು 'ನಿನ್ನ ಕಾಲು ಹಿಂದ ಹೋಗ್ತದ' ಅಂತ ದಿನಾ ಬೈತಾರಂತ. ಯಾಕ ಹೋಗ್ತದ, ಹ್ಯಾಂಗ ನಿಲ್ಲಸೂದು ಅಂತ ಆಕೀಗೆ ತಿಳಿವಲ್ದು. ನಮ್ಮವರು 'ಸಾಕು, ಕೈಕಾಲು ಮುರಕೊಂಡ್ರ ನಾಳೆ ಯಾರು ಮಾಡ್ಕೋತಾರ, ಬಿಡಸು' ಅಂತಾರ. ಅತ್ತಿಯವರದು ಬ್ಯಾರೇನ ಅಂಜಿಕಿ. ಮಗಳು ನಾ ಬಿಡಾಂಗಿಲ್ಲ ಅಂತ ಅಳ್ತಾಳ. ನಾ ಏನ್ ಮಾಡ್ಲಿ?"

ಒಗ್ಗರಣೆ, ಉಪ್ಪಿನಕಾಯಿ ಬರೆಯುವವಳಿಗೆ ಕುದುರೆಯ ಪ್ರಶ್ನೆಯೇ ಎಂದು ನಗಬೇಡಿ. ನಾವಿರುವುದು ಯಾವ ಜಿಲ್ಲೆ? ನಮ್ಮ ಪಕ್ಕದ ಕಾಕತಿಯ ಮಗಳು ಚನ್ನಮ್ಮ ಚಿಕ್ಕಂದಿನಲ್ಲೇ ಕುದುರೆ ಸವಾರಿ ಕಲಿತಳೆಂದು ಓದಿ ಬೆಳೆದವರು ನಾವು. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ಆ ರಾಣಿ ಬೆಳಗಾವಿಯ ಚನ್ನಮ್ಮ ವೃತ್ತದಲ್ಲಿ ಇಂದಿಗೂ ಕುದುರೆಯ ಮೇಲೆಯೇ ಕೂತಿದ್ದಾಳೆ. ಬೆಳಗಾವಿ–ಧಾರವಾಡ ಹೆದ್ದಾರಿಯ ಕಿತ್ತೂರಿನಲ್ಲಿ ಆಕೆಯ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆಯಿದೆ, ಅಲ್ಲಿ ಹುಡುಗಿಯರಿಗೆ ಕುದುರೆ ಸವಾರಿಯನ್ನೂ ಕಲಿಸುತ್ತಾರೆ. ಮೂರ್ತಿಗೆ ಹಾರ ಹಾಕುವಾಗ ಎಲ್ಲರೂ ಮುಂದೆ. ಮನೆಯ ಹುಡುಗಿ ಜೀನು ಏರಿದರೆ ಮಾತ್ರ "ಯಾರು ಮಾಡ್ಕೋತಾರ" ಎಂಬ ಮಾತು!

ಇರಲಿ. ನನಗಂತೂ ಕುದುರೆ ಏರಿ ಗೊತ್ತಿಲ್ಲ. ಆದರೆ ನಮ್ಮ ಯಜಮಾನರ ಕಾಕಾ ಸೈನ್ಯದಲ್ಲಿದ್ದವರು, ಅರ್ಧ ಆಯುಷ್ಯ ಕುದುರೆಗಳ ನಡುವೆ ಕಳೆದವರು. ಪತ್ರ ಓದಿ ಹೇಳಿದೆ. "ಆ ಹುಡುಗೀನ ಕರಸು" ಎಂದರು. ತಾಯಿ ಮಗಳು ಭಾನುವಾರದ ಬಸ್ಸಿಗೆ ಬಂದರು. ಉಪ್ಪಿಟ್ಟು ತಿಂದಾದ ಮೇಲೆ ಕಾಕಾ ನಮ್ಮ ಪಡಸಾಲೆಯ ಬೆಂಚಿನ ಮೇಲೆ ದೊಡ್ಡ ಲೋಡು ಹಾಕಿ, "ಇದ ನಿನ್ನ ಕುದುರಿ, ಹತ್ತವಾ" ಎಂದು ಹುಡುಗಿಯನ್ನು ಕೂರಿಸಿ, "ಈಗ ಬೇಲಿ ಬಂತು, ಏನ್ ಮಾಡ್ತಿ ತೋರಸು" ಎಂದರು. ಆಕೆ ಮುಂದೆ ಬಾಗಿದಳು. ಬಾಗಿದೊಡನೆ ಎರಡೂ ಮೊಣಕಾಲು ಇಕ್ಕಳದಂತೆ ಲೋಡನ್ನು ಹಿಡಿದವು, ಮೊಣಕಾಲಿನ ಕೆಳಗಿನ ಕಾಲು ಸರ್ರನೆ ಹಿಂದೆ ಹೋಯಿತು, ಹಿಮ್ಮಡಿ ಮೇಲೆದ್ದಿತು. ಕಾಕಾ ನಕ್ಕರು. "ಸಿಕ್ತು ನೋಡು ಕಳ್ಳ!"

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಸವಾರಿ ಕಲಿಯುವ ಮಗಳು, ಸೊಸೆ, ತಂಗಿ ನಿಮ್ಮ ಮನೆಯಲ್ಲೂ ಇದ್ದಾರು.

ಹೆದರಿಕೆ ಬಂದಾಗ ಗಟ್ಟಿಯಾಗಿ ಹಿಡಿದುಕೊಳ್ಳುವುದು ಮನುಷ್ಯನ ಸ್ವಭಾವ. ಕೈಯಲ್ಲಿ ಲಗಾಮು ಎಳೆಯುತ್ತೇವೆ, ಕಾಲಲ್ಲಿ ಮೊಣಕಾಲು ಒತ್ತುತ್ತೇವೆ. ಮೊಣಕಾಲು ಬಿಗಿಯಾಗಿ ಒತ್ತಿತೆಂದರೆ ಅದು ಬಾಗಿಲ ಕೀಲಿನಂತೆ ಆಯಿತು. ಕೀಲಿನ ಮೇಲಿನದು ಮುಂದೆ ತೂಗಿದರೆ ಕೆಳಗಿನದು ಹಿಂದೆ ತೂಗಲೇಬೇಕಲ್ಲ! ಕುದುರೆ ಹಾರುವಾಗ ಹುಡುಗಿಯ ಮೈ ಕುದುರೆಯ ಕುತ್ತಿಗೆಯ ಮೇಲೆ ಬೀಳುತ್ತದೆ, ಪಾದ ಕುದುರೆಯ ಸೊಂಟದ ಕಡೆಗೆ ಹೋಗುತ್ತದೆ. ಹಾರಿದ್ದೇನೋ ಆಯಿತು, ಆಚೆ ಇಳಿಯುವಾಗ ಆಕೆಯ ಭಾರ ಹೊರಲು ಕೆಳಗೆ ಕಾಲೇ ಇಲ್ಲ. ಕುದುರೆ ಒಂದಿಷ್ಟು ಎಡವಿದರೂ ಸಾಕು, ಸವಾರಳು ಅದರ ಹೆಗಲ ಮೇಲಿಂದ ಮುಂದಕ್ಕೆ. ನಮ್ಮ ಹುಡುಗಿ ಎರಡು ಸಲ ಬಿದ್ದದ್ದೂ ಹೀಗೆಯೇ, ಇಳಿಯುವಾಗ, ಮುಂದಕ್ಕೆ.

ಇದಕ್ಕೆ ತಿರುಗಮುರುಗವಾದ ತಪ್ಪೂ ಉಂಟು. "ಹಿಮ್ಮಡಿ ಕೆಳಗೆ, ಹಿಮ್ಮಡಿ ಕೆಳಗೆ" ಎಂದು ಕಲಿಸುವವರು ಕೂಗುತ್ತಾರಲ್ಲ, ಕೆಲವು ಮಕ್ಕಳು ಅದನ್ನು ಕೇಳಿ ಕಾಲನ್ನು ಸೆಟೆದು ಮುಂದಕ್ಕೆ ಚಾಚಿಬಿಡುತ್ತಾರೆ. ಆಗ ಮೈ ಹಿಂದೆ ಉಳಿದು ಜೀನಿನ ಮೇಲೆ ಧೊಪ್ಪನೆ ಕೂರುತ್ತದೆ, ಕೈ ಲಗಾಮನ್ನು ಜಗ್ಗುತ್ತದೆ. ಪಾಪ, ಕುದುರೆಗೆ ಬೆನ್ನಿಗೂ ಪೆಟ್ಟು, ಬಾಯಿಗೂ ಪೆಟ್ಟು. ನಾಲ್ಕು ಸಲ ಹೀಗಾದರೆ ಐದನೆಯ ಸಲ ಅದು ಬೇಲಿಯ ಮುಂದೆ ನಿಂತೇಬಿಡುತ್ತದೆ. ಮೊಂಡು ಕುದುರೆ ಎಂದು ಬೈಸಿಕೊಳ್ಳುವ ಎಷ್ಟೋ ಕುದುರೆಗಳು ಹೀಗೆ ಬೇಸತ್ತವೇ ಎಂದರು ಕಾಕಾ. ನನಗೆ ಆ ಮಾತು ಮನಸ್ಸಿಗೆ ತಟ್ಟಿತು.

ಹಾಗಾದರೆ ಕಾಲು ಎಲ್ಲಿರಬೇಕು? ಜೀನು ಕಟ್ಟುವ ಹೊಟ್ಟೆಪಟ್ಟಿಯ ಹತ್ತಿರ, ನೇರ ಕೆಳಗೆ. ರಿಕಾಪು (ಈಗಿನ ಮಕ್ಕಳು ಸ್ಟಿರಪ್ ಎನ್ನುತ್ತಾರೆ) ಕಾಲ್ಬೆರಳುಗಳ ಬುಡದ ಅಗಲವಾದ ಭಾಗಕ್ಕೆ ಬರಬೇಕು. ರಿಕಾಪಿನ ಚರ್ಮದ ಪಟ್ಟಿ ಗೌಂಡಿಯ ತೂಗುಗುಂಡಿನ ದಾರದಂತೆ ನೆಟ್ಟಗೆ ಇಳಿದಿರಬೇಕು. ಮೈಯ ಭಾರ ತೊಡೆ, ಮೀನಖಂಡಗಳ ಮೂಲಕ ಹರಿದು ಹಿಮ್ಮಡಿಗೆ ಇಳಿಯಬೇಕು. ಮೀನಖಂಡದ ಒಳಭಾಗ ಕುದುರೆಯ ಮೈಗೆ ಹಿತವಾಗಿ ತಾಗಿರಲಿ. ಮೊಣಕಾಲು ಜೀನಿಗೆ ತಾಗಿದರೆ ಸಾಕು, ಒತ್ತಬಾರದು. ಕಾಲಿನ ಗಂಟು ಬಸ್ಸಿನ ಪಾಟಾ ಇದ್ದ ಹಾಗೆ, ಪ್ರತಿ ಹೆಜ್ಜೆಗೂ ಬಾಗಿ ಏಳುತ್ತಿರಬೇಕು. ಹಿಮ್ಮಡಿಯನ್ನು ಬಲವಂತವಾಗಿ ತುಳಿದರೆ ಪಾಟಾ ಬಿಗಿದುಹೋದಂತೆ, ಎಲ್ಲ ಕುಲುಕಾಟ ಬೆನ್ನಿಗೆ ಬರುತ್ತದೆ.

ಕಾಕಾ ಇನ್ನೊಂದು ಪರೀಕ್ಷೆ ಹೇಳಿದರು, ಬಲು ಚಂದದ್ದು. "ಈ ಗಳಿಗಿಗೆ ಕುದುರಿ ಮಾಯ ಆತು ಅನಕೋ. ನೀ ನೆಲದ ಮ್ಯಾಲ ಎರಡೂ ಕಾಲೂರಿ ನಿಂತಿರ್ತೀಯೋ, ಮೂಗು ಊರಿ ಬಿದ್ದಿರ್ತೀಯೋ?" ನಿಂತಿರುತ್ತೇನೆ ಎನ್ನುವಂತಿದ್ದರೆ ಕಾಲು ಸರಿಯಾದ ಜಾಗದಲ್ಲಿದೆ. ನಮ್ಮ ಖಾನಾಪುರದ ಬಸ್ಸಿನಲ್ಲಿ ಜಾಗ ಸಿಗದೆ ನಿಂತು ಬರುವಾಗ ಮೊಣಕಾಲು ಸಡಿಲ ಬಿಟ್ಟು ಪಾದದ ಮೇಲೆ ತೂಕ ಇಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ವಿದ್ಯೆ ಎಂದು ನಾನಂದೆ. ಕಾಕಾ ಒಪ್ಪಿದರು.

ಮೊದಲು ನೋಡಬೇಕಾದದ್ದು ರಿಕಾಪಿನ ಉದ್ದ. ಕಾಲನ್ನು ರಿಕಾಪಿನಿಂದ ತೆಗೆದು ಇಳಿಬಿಟ್ಟಾಗ ಅದರ ತಳ ಕಾಲಿನ ಗಂಟಿನ ಮೂಳೆಗೆ ತಾಗಿದರೆ ಸಾದಾ ಸವಾರಿಗೆ ಸರಿ. ಹಾರುವುದಕ್ಕೆ ಅದಕ್ಕಿಂತ ಎರಡು ಮೂರು ತೂತು ಗಿಡ್ಡ ಮಾಡಬೇಕು. ಉದ್ದವಿದ್ದರೆ ಹುಡುಗಿ ಅದನ್ನು ಹುಡುಕುತ್ತ ಕಾಲ್ಬೆರಳು ಚಾಚುತ್ತಾಳೆ, ಹಿಮ್ಮಡಿ ತಾನೇ ಮೇಲೇಳುತ್ತದೆ. ವಿಚಾರಿಸಿದರೆ ನಮ್ಮ ಹುಡುಗಿ ನಡಿಗೆಗೂ ಹಾರುವುದಕ್ಕೂ ಒಂದೇ ಉದ್ದ ಇಟ್ಟುಕೊಂಡಿದ್ದಳು!

ಇನ್ನು ಮನೆಯಲ್ಲಿ ಮಾಡುವ ಅಭ್ಯಾಸ. ಖಾನಾಪುರ, ಬೆಳಗಾವಿ ಕಡೆ ಮಳೆ ಹಿಡಿದರೆ ಮೈದಾನ ಕೆಸರಾಗಿ ವಾರಗಟ್ಟಲೆ ಕುದುರೆ ಹೊರಗೆ ಬರುವುದಿಲ್ಲ. ಆ ದಿನಗಳಿಗೂ ಇದು ಆಗುತ್ತದೆ. ಮೆಟ್ಟಿಲ ಕೆಳಗಿನ ಪಾವಟಿಗೆಯ ಅಂಚಿಗೆ ಪಾದದ ಮುಂಭಾಗ ಮಾತ್ರ ಊರಿ, ಗೋಡೆ ಹಿಡಿದು ನಿಲ್ಲಬೇಕು. ಹಿಮ್ಮಡಿಯನ್ನು ನಿಧಾನವಾಗಿ ಕೆಳಗೆ ಬಿಡಬೇಕು. ಮೀನಖಂಡ ಎಳೆದಂತಾದಾಗ 30 ಎಣಿಸುವವರೆಗೆ ನಿಂತು ಮೇಲೆ ಬರಬೇಕು. ಕುಪ್ಪಳಿಸಬಾರದು. ದಿನಕ್ಕೆ ಎರಡು ಹೊತ್ತು, ನಾಲ್ಕು ನಾಲ್ಕು ಸಲ. ಆಮೇಲೆ ಅದೇ ಪಾವಟಿಗೆಯ ಮೇಲೆ ಮೊಣಕಾಲು ಸ್ವಲ್ಪ ಬಾಗಿಸಿ, ಸೊಂಟ ಹಿಂದೆ ತಳ್ಳಿ, ಎದೆ ಮುಂದೆ ಮಾಡಿ, ದೃಷ್ಟಿ ಎದುರಿಗಿಟ್ಟು ನಿಲ್ಲಬೇಕು. ಬಾಗುವುದು ಸೊಂಟದ ಕೀಲಿನಿಂದ, ಒಲೆಗೆ ಕಟ್ಟಿಗೆ ಹಾಕಲು ಬಾಗುತ್ತಿದ್ದೆವಲ್ಲ ಹಾಗೆ. ನಿಮಗೂ ದಿನವಿಡೀ ನಿಂತು ರೊಟ್ಟಿ ಬಡಿದು ಮೀನಖಂಡ ಹಿಡಿದುಕೊಂಡಿದ್ದರೆ ಮೆಟ್ಟಿಲ ಅಭ್ಯಾಸ ನೀವೂ ಮಾಡಬಹುದು. ನಾನು ಮಾಡಲು ಶುರುಮಾಡಿದ್ದೇನೆ.

ಕುದುರೆಯ ಮೇಲೆ ಮಾಡಬೇಕಾದದ್ದನ್ನು ಕಲಿಸುವವರ ಎದುರಿಗೇ ಮಾಡಬೇಕು. ಜೀನಿನಿಂದ ನಾಲ್ಕು ಬೆರಳು ಮೇಲೆದ್ದು, ಕುತ್ತಿಗೆಯ ಜೂಲು ಹಿಡಿದು, ಮೊದಲು ನಡಿಗೆಯಲ್ಲಿ, ಆಮೇಲೆ ಕುಲುಕು ಓಟದಲ್ಲಿ ಒಂದೊಂದು ಸುತ್ತು. ಕಾಲು ಹಿಂದೆ ಹೋದರೆ ಆಯ ತಪ್ಪಿ ಮುಂದೆ ಮುಗ್ಗರಿಸುತ್ತಾಳೆ, ಮುಂದೆ ಹೋದರೆ ಹಿಂದಕ್ಕೆ ಕೂರುತ್ತಾಳೆ. ಯಾರೂ ಹೇಳುವುದು ಬೇಡ, ತಪ್ಪು ಅಲ್ಲಲ್ಲೇ ತಿಳಿಯುತ್ತದೆ. ಅದು ಹದಕ್ಕೆ ಬಂದ ಮೇಲೆ ನೆಲದ ಮೇಲೆ ಸುಮಾರು ನಾಲ್ಕೂವರೆ ಅಡಿಗೊಂದರಂತೆ ಮರದ ಗಳ ಇಟ್ಟು ಅದರ ಮೇಲೆ ಕುಲುಕು ಓಟ. ಕುದುರೆಯ ಹೆಜ್ಜೆ ನೋಡಿ ಅಂತರ ಹೆಚ್ಚುಕಡಿಮೆ ಮಾಡಬೇಕು. ಅಲ್ಲಿ ಕಾಲು ಅಲ್ಲಾಡದೆ ನಿಂತ ಮೇಲೆಯೇ ಗೇಣೆತ್ತರದ ಬೇಲಿ. ಹಾರುವಾಗ ಕೆಳಗೆ ನೋಡಬಾರದು. ಲಗಾಮು ಹಿಡಿದ ಕೈ ಕುದುರೆಯ ಕುತ್ತಿಗೆಯ ಜೊತೆ ಮುಂದೆ ಹೋಗಲಿ.

ಮುಂದೆ ಬಾಗಿ ಹಾರುವ ಈ ಪದ್ಧತಿ ಬಹಳ ಹಳೆಯದೇನಲ್ಲ. ಹಿಂದೆ ಸವಾರರು ಬೇಲಿಯ ಮೇಲೆ ಹಿಂದಕ್ಕೆ ಒರಗಿ ಕಾಲು ಮುಂದೆ ಚಾಚುತ್ತಿದ್ದರಂತೆ. ಇಟಲಿಯ ಸೈನ್ಯದಲ್ಲಿದ್ದ ಫೆದೆರಿಕೊ ಕಪ್ರಿಲ್ಲಿ (1868–1907) ಎಂಬುವರು ಕುದುರೆ ಒಂಟಿಯಾಗಿ ಹಾರುವಾಗ ಏನು ಮಾಡುತ್ತದೆಂದು ನೋಡಿ, ಅದರ ಬೆನ್ನು ಕುತ್ತಿಗೆಗಳಿಗೆ ಅಡ್ಡಬರದಂತೆ ಸವಾರನನ್ನೇ ಮುಂದೆ ಬಾಗಿಸಿದರು. ಯುರೋಪಿನ ಹೆಂಗಸರಂತೂ 20ನೆಯ ಶತಮಾನದ ಆರಂಭದವರೆಗೂ ಹೆಚ್ಚಾಗಿ ಎರಡೂ ಕಾಲು ಒಂದೇ ಪಕ್ಕಕ್ಕೆ ಇಳಿಬಿಟ್ಟು ಕೂರುತ್ತಿದ್ದರು. ನಮ್ಮ ಅಜ್ಜಿಯರ ಕಚ್ಚೆ ಸೀರೆಗೆ ಆ ತೊಡಕಿರಲಿಲ್ಲ ನೋಡಿ!

ಒಲಿಂಪಿಕ್ಸ್‌ನ ಬೇಲಿ ಹಾರುವ ಸ್ಪರ್ಧೆಗೆ ಹೆಂಗಸರನ್ನು ಬಿಟ್ಟದ್ದೇ 1956ರಲ್ಲಿ. ಆ ವರ್ಷವೇ ಇಂಗ್ಲೆಂಡಿನ ಪ್ಯಾಟ್ ಸ್ಮೈಥ್ ತನ್ನ ದೇಶದ ತಂಡದಲ್ಲಿ ಕಂಚು ಗೆದ್ದಳು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಕತೆ ಇನ್ನೂ ದೊಡ್ಡದು. 1944ರಲ್ಲಿ ಗರ್ಭಿಣಿಯಾಗಿದ್ದಾಗ ಪೋಲಿಯೊ ಬಂದು ಮೊಣಕಾಲಿನ ಕೆಳಗೆ ಶಕ್ತಿಯೇ ಹೋಯಿತು. ಮಗು ಆರೋಗ್ಯವಾಗಿ ಹುಟ್ಟಿತು. ಕುದುರೆ ಏರಲು ಇಳಿಯಲು ಬೇರೆಯವರ ಕೈ ಬೇಕಿದ್ದ ಆಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಗಂಡಸರ ಎದುರು ಬೆಳ್ಳಿ ಗೆದ್ದಳು. ಆಕೆಯದು ಹಾರುವ ಸ್ಪರ್ಧೆಯಲ್ಲ, ಕುದುರೆಯನ್ನು ಹದವಾಗಿ ನಡೆಸುವ ಸ್ಪರ್ಧೆ. ಆದರೂ ಕಾಲಿನ ಹಿಡಿತವಿಲ್ಲದೆ ಬರೀ ಆಯದ ಮೇಲೆ ಕೂತವಳನ್ನು ನೆನೆದರೆ, ಮೊಣಕಾಲು ಒತ್ತಬೇಡ ಎಂಬ ಮಾತು ಬೇಗ ತಲೆಗೆ ಹೋಗುತ್ತದೆ. ನಮ್ಮವರನ್ನೂ ಹೇಳಬೇಕು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. 2023ರಲ್ಲಿ ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ನಮ್ಮ ನಾಲ್ವರ ತಂಡದಲ್ಲಿ ದಿವ್ಯಾಕೃತಿ ಸಿಂಗ್, ಸುದೀಪ್ತಿ ಹಜೇಲಾ ಎಂಬ ಇಬ್ಬರು ಹುಡುಗಿಯರಿದ್ದರು.

ಅತ್ತೆಯವರ ಅಂಜಿಕೆಯ ವಿಷಯ. ಪತ್ರದಲ್ಲಿ ಬಿಡಿಸಿ ಬರೆದಿಲ್ಲ, ಆದರೆ ನಮಗೆಲ್ಲ ಗೊತ್ತಿರುವಂಥದೇ. ಕುದುರೆ ಸವಾರಿಯಿಂದ ಹುಡುಗಿಯ ಗರ್ಭಕೋಶ ಕೆಡುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಮುಟ್ಟಿನ ದಿನಗಳಲ್ಲಿ ಹೊಟ್ಟೆನೋವಿದ್ದರೆ ವಿಶ್ರಾಂತಿ, ಇಲ್ಲದಿದ್ದರೆ ಏರಬಹುದು. ಕನ್ಯತ್ವದ ಪೊರೆಯನ್ನು ನೋಡಿ ಶೀಲ ಅಳೆಯುವ ಮಾತಿಗೆ ವೈದ್ಯಶಾಸ್ತ್ರದಲ್ಲಿ ಜಾಗವಿಲ್ಲ. ಅದನ್ನು ಅತ್ತೆಯವರಿಗೆ ಸಮಾಧಾನದಿಂದ, ಅಡಿಗೆಮನೆಯಲ್ಲಿ, ಗಂಡಸರಿಲ್ಲದಾಗ ಹೇಳಿ.

ಯಜಮಾನರ ಅಂಜಿಕೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಬಿದ್ದರೆ ಪೆಟ್ಟಾಗುವುದು ನಿಜ. ಅದಕ್ಕೇ ಕೆಲವು ವಿಷಯದಲ್ಲಿ ಬಿಗಿಯಾಗಿರಿ. ತಲೆಗೆ ಸವಾರಿಯದೇ ಹೆಲ್ಮೆಟ್ಟು ಬೇಕು, ಅಣ್ಣನ ಮೋಟಾರ್‌ಸೈಕಲ್ಲಿನದು ಆಗದು. ಜೋರು ಪೆಟ್ಟು ಬಿದ್ದ ಹೆಲ್ಮೆಟ್ಟು ಮೇಲೆ ಚೆನ್ನಾಗಿ ಕಂಡರೂ ಬದಲಿಸಬೇಕು. ಕಾಲಿಗೆ ಸಣ್ಣ ಹಿಮ್ಮಡಿಯಿರುವ ಬೂಟು. ಓಟದ ಬೂಟಾದರೆ ಪಾದ ರಿಕಾಪಿನೊಳಗೆ ಪೂರ್ತಿ ನುಗ್ಗಿ ಸಿಕ್ಕಿಕೊಳ್ಳಬಹುದು, ಕುದುರೆ ಓಡಿದರೆ ಎಳೆದುಕೊಂಡೇ ಹೋಗುತ್ತದೆ. ರಿಕಾಪು ಬೂಟಿಗಿಂತ ಸುಮಾರು ಒಂದು ಇಂಚು ಅಗಲವಿರಲಿ. ಬಿದ್ದ ಮೇಲೆ ವಾಂತಿ, ಮಂಪರು, ಮಾತು ತಡವರಿಸುವುದು ಕಂಡರೆ ಅರಿಶಿನ ಹಚ್ಚುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಖಾನಾಪುರದ ತಂಗಿ, ನಿಮಗೆ ನನ್ನ ಉತ್ತರ ಇಷ್ಟು. ಬಿಡಿಸಬೇಡಿ, ಆದರೆ ಒಂದು ತಿಂಗಳು ಬೇಲಿ ಬೇಡ. ನೆಲದ ಗಳಗಳ ಮೇಲೆಯೇ ಅಭ್ಯಾಸ ಮಾಡಿಸಿ ಎಂದು ಕಲಿಸುವವರಿಗೆ ನೀವೇ ಹೋಗಿ ಹೇಳಿ. ಕಾಲು ನಿಲ್ಲುವ ಮೊದಲೇ ಎತ್ತರ ಏರಿಸುವವರಾದರೆ ಬೇರೆ ಕಡೆ ಕಲಿಸುವುದು ಮೇಲು. ಪ್ರತಿ ಶನಿವಾರ ಮೊಬೈಲಿನಲ್ಲಿ ಪಕ್ಕದಿಂದ ಆಕೆಯ ಚಿತ್ರ ಹಿಡಿಯಿರಿ. ರಿಕಾಪಿನ ಪಟ್ಟಿ ನೆಟ್ಟಗಿದೆಯೋ ಓರೆಯಾಗಿದೆಯೋ ನೋಡಲು ಕುದುರೆ ವಿದ್ಯೆ ಬೇಕಿಲ್ಲ, ಗೋಡೆಗೆ ಕ್ಯಾಲೆಂಡರ್ ಓರೆಯಾಗಿದ್ದರೆ ಕಾಣುವ ಕಣ್ಣು ಸಾಕು. ನಾಲ್ಕನೆಯ ಶನಿವಾರ ಯಜಮಾನರನ್ನೂ ಕರೆದುಕೊಂಡು ಹೋಗಿ. ಇದುವರೆಗೆ ಅವರು ಮಗಳು ಬಿದ್ದ ಸುದ್ದಿ ಕೇಳಿದ್ದಾರೆಯೇ ಹೊರತು ಆಕೆ ಕೂತದ್ದನ್ನು ಒಮ್ಮೆಯೂ ನೋಡಿಲ್ಲ ಎಂದು ಹುಡುಗಿಯೇ ನನಗೆ ಹೇಳಿದಳು.

ಸಾರಿನ ಪುಡಿ ಕೇಳಿದವರು ಸಿಟ್ಟಾಗಬೇಡಿ. ಮೆಣಸಿನಕಾಯಿ ಎಷ್ಟು ಹುರಿಯಬೇಕು, ಕೊತ್ತಂಬರಿ ಯಾಕೆ ಕಪ್ಪಾಗುತ್ತದೆ ಎಂಬುದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.